ಮೂಲಂಗಿ ಮಣ್ಣಿಗೆ ಮರಳುವ ಕಥೆ

ಜಪಾನಿನವರಿಗೆ ಉಪ್ಪಿನಕಾಯಿ ಹಾಕಲು ಬರುವುದಿಲ್ಲ. ಆದರೆ ಉಪ್ಪಿನಕಾಯಿಯ ಚಿತ್ರ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಭೂಮಿಯ ಮೇಲಿಲ್ಲ. ಈ ಮಾತು ನನ್ನದಲ್ಲ, ನಮ್ಮಕ್ಕನದು. ಜಪಾನಿನ ಚಿತ್ರಕಥೆಗಳ ವಿಷಯದಲ್ಲಿ ಭದ್ರಾವತಿ ತಾಲ್ಲೂಕಿನ ಮಟ್ಟಿಗೆ ಕೊನೆಯ ತೀರ್ಪು ಕೊಡುವ ಅಧಿಕಾರ ಅವಳದು. ಯಾರೂ ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ಅವಳು ನೋಡಿರುವ ಅತಿ ದೂರದ ಊರು ತಿರುಪತಿ. ಅಲ್ಲಿಯೂ ಊಟದ ಸಾಲಿನಲ್ಲಿ ಉಪ್ಪಿನಕಾಯಿ ಚೆನ್ನಾಗಿರಲಿಲ್ಲವೆಂದು ಬೇಸರ ಮಾಡಿಕೊಂಡು ಬಂದವಳು. ಇಂಥವಳಿಗೆ ಜಪಾನು ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳಬಹುದು. ಕೇಳದಿದ್ದರೆ ಒಳ್ಳೆಯದಿತ್ತು. ಏಕೆಂದರೆ ಅದನ್ನು ಹೇಳದೆ ಮುಂದಿನದನ್ನು ಹೇಳಲಾಗುವುದಿಲ್ಲ.

ನಾನು ಶಿವಮೊಗ್ಗದ ನ್ಯಾಯಾಲಯದಲ್ಲಿ ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡುವವನು. ಕಂಡದ್ದನ್ನು ಕಂಡಷ್ಟೇ, ಕಂಡ ಕ್ರಮದಲ್ಲೇ ಹೇಳಬೇಕು ಎನ್ನುವುದು ಅಭ್ಯಾಸವಾಗಿ ಹೋಗಿದೆ. ಹಾಗೆಯೇ ಹೇಳುತ್ತೇನೆ.

ಅಕ್ಕನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಕರೆಯುತ್ತಿದ್ದುದು ಪುಟ್ಟಿ ಎಂದು. ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ಅವಳಿಗೆ ಜಪಾನಿನ ಚಿತ್ರಕಥೆಗಳ ಹುಚ್ಚು. ಇಂಗ್ಲಿಷಿನಲ್ಲಿ ಸಿಗುವ ಆ ಸಣ್ಣ ದಪ್ಪ ಪುಸ್ತಕಗಳನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದಳು. ಅಕ್ಕನಿಗೆ ಅದು ಆಗುತ್ತಿರಲಿಲ್ಲ. ಕತ್ತೆ ವಯಸ್ಸಾದರೂ ಬೊಂಬೆ ಪುಸ್ತಕ ಓದುತ್ತೀಯಲ್ಲ ಎಂದು ದಿನಾ ಬೈಗುಳ. ಒಮ್ಮೆ ಪುಸ್ತಕದ ಮೇಲೆ ಸಾರು ಚೆಲ್ಲಿದಾಗ, ಸಾರು ಹಾಳಾಯಿತೆಂದು ಅಕ್ಕ ಅತ್ತಳು, ಪುಸ್ತಕ ಹಾಳಾಯಿತೆಂದು ಪುಟ್ಟಿ ಅತ್ತಳು. ತಾಯಿಮಗಳ ನಡುವೆ ಜಗಳವಿಲ್ಲದ ಜಾಗ ಒಂದೇ, ಮನೆಯ ಬಾಗಿಲ ಮುಂದಿನ ರಂಗೋಲಿ. ಅಕ್ಕ ಚುಕ್ಕಿ ಇಡುತ್ತಿದ್ದಳು, ಪುಟ್ಟಿ ಎಳೆ ಎಳೆಯುತ್ತಿದ್ದಳು. ಅಕ್ಕನ ಚುಕ್ಕಿಗಳು ದಾರ ಹಿಡಿದು ಇಟ್ಟಂತೆ ನೇರ. ಎಳೆ ಎಳೆಯಲು ಮಾತ್ರ ಅವಳಿಗೆ ಕೈ ನಡುಗುತ್ತಿತ್ತು.

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಪುಟ್ಟಿಯ ಸ್ಕೂಟರಿಗೆ ಲಾರಿ ಬಡಿಯಿತು. ಅವಳ ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದು ನನ್ನ ನಂಬರಂತೆ. ನಾನು ಹೋದಾಗ ಅವಳನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಸ್ಕೂಟರನ್ನು ಎತ್ತಿ ನಿಲ್ಲಿಸಿದ್ದರು. ರಸ್ತೆಯಲ್ಲಿ ಬಿದ್ದಿದ್ದ ಪುಸ್ತಕವನ್ನು ಯಾರೋ ಎತ್ತಿ, ಒರೆಸಿ, ಸೀಟಿನ ಮೇಲೆ ಇಟ್ಟಿದ್ದರು. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಪುಸ್ತಕ ಒರೆಸಿದವರೂ ಅವರಲ್ಲೇ ಇದ್ದರೋ ಏನೋ. ಈ ಮನುಷ್ಯರನ್ನು ನಾನು ಏನೆಂದು ತಿಳಿಯಬೇಕು? ಇವತ್ತಿಗೂ ಗೊತ್ತಾಗಿಲ್ಲ. ಪುಸ್ತಕವನ್ನು ತಂದು ಅಕ್ಕನ ಕೈಗೆ ಕೊಟ್ಟವನು ನಾನು. ಪುಟ್ಟಿಯನ್ನು ಮನೆಗೆ ತರುವ ಹೊತ್ತಿಗೆ ಅವಳಲ್ಲಿ ಜೀವ ಇರಲಿಲ್ಲ.

ಆಮೇಲೆ ಸಮಾಧಾನ ಹೇಳುವವರು ಬಂದರು. ಸತ್ತವರ ಮನೆಗೆ ಬರುವವರಲ್ಲಿ ಒಂದು ಜಾತಿ ಇದೆ. ಅವರು ಬರುವಾಗಲೇ ತತ್ವಜ್ಞಾನವನ್ನು ಕೈಯಲ್ಲಿ ಹಿಡಿದು ಬರುತ್ತಾರೆ, ಕಾಫಿ ಕುಡಿದು ಅದನ್ನು ಬಿಟ್ಟು ಹೋಗುತ್ತಾರೆ. ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂದರು ಒಬ್ಬರು. ಹಾಗಾದರೆ ಎಂಬತ್ತು ದಾಟಿದ ನೀವು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಬ್ಬರು, ಹೆಣ್ಣುಮಗು, ಇದ್ದಿದ್ದರೂ ಒಂದು ದಿನ ಬೇರೆ ಮನೆಗೆ ಹೋಗುವುದೇ ಅಲ್ಲವೇ ಎಂದರು. ಇದು ಸಮಾಧಾನ! ಅಕ್ಕ ಗೋಡೆಗೆ ಒರಗಿ ಕೂತು ಎಲ್ಲರ ಮುಖ ನೋಡುತ್ತಿದ್ದಳು. ಮಡಿಲಲ್ಲಿ ಆ ಪುಸ್ತಕ.

ಒಂದು ದಿನ ಆ ಎಂಬತ್ತು ದಾಟಿದ ದೊಡ್ಡಮ್ಮ ಮತ್ತೆ ಬಂದು ಮತ್ತೆ ದೇವರ ವಿಷಯ ಶುರು ಮಾಡಿದರು. ಅಕ್ಕ ಪುಸ್ತಕ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದಳು.

"ದೊಡ್ಡಮ್ಮ, ಇಲ್ನೋಡಿ. ಈ ಪುಟದಲ್ಲಿ ಏನಿದೆ?"

"ಏನೂ ಇಲ್ವಲ್ಲೇ. ಬಿಳೀ ಹಾಳೆ."

"ಏನೂ ಇಲ್ಲ ಅಂತ ಚಿತ್ರ ಬರ್ದೋನೇ ಬಿಟ್ಟಿದಾನೆ. ನೋಡಿ, ಅವ್ನಿಗೆ ಗೊತ್ತು ಎಲ್ಲಿ ಸುಮ್ನಿರ್ಬೇಕು ಅಂತ."

ದೊಡ್ಡಮ್ಮ ಕಾಫಿಗೂ ಕಾಯದೆ ಎದ್ದರು. ಅಕ್ಕನ ಮೊದಲ ಕಲಾವಿಮರ್ಶೆ ಅದು.

ಅವಳು ಆ ಪುಟವನ್ನು ಹೇಗೆ ಅರ್ಥ ಮಾಡಿಕೊಂಡಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಸಾವಿನ ಮನೆಯ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಸೂತಕ ಕಳೆದ ಮೇಲೆ ಹಾಕಬಹುದು. ಅಕ್ಕ ಹಾಕಲಿಲ್ಲ. ಗುಡಿಸಿ, ನೀರು ಹಾಕಿ, ಹಾಗೇ ಬಿಟ್ಟುಬಿಡುತ್ತಿದ್ದಳು. ಜಪಾನಿನವನೂ ಅದನ್ನೇ ಮಾಡಿದ್ದಾನೆ ಎನ್ನುವುದು ಅವಳ ವಾದ. ಅವನ ಮನೆಯ ಬಾಗಿಲಿಗೂ ಇವತ್ತು ರಂಗೋಲಿ ಇಲ್ಲ ನೋಡು ಎಂದಳು.

ಹೀಗೆ ಹಿಡಿದ ಹುಚ್ಚು ಬಿಡಲಿಲ್ಲ. ಪುಟ್ಟಿಯ ಬೀರುವಿನಲ್ಲಿ ಅದೇ ಕಥೆಯ ಉಳಿದ ಆರು ಭಾಗಗಳು ಸಿಕ್ಕವು. ನಾನು ತಂದುಕೊಟ್ಟದ್ದು ಏಳನೆಯದು. ಅಕ್ಕ ಏಳಕ್ಕೂ ಶಾಲೆಯ ಪುಸ್ತಕಗಳಿಗೆ ಹಾಕುವಂತೆ ಖಾಕಿ ಕಾಗದದ ಬೈಂಡು ಹಾಕಿದಳು, ಮೇಲೆ ಲೇಬಲ್ ಅಂಟಿಸಿ ಮಗಳ ಹೆಸರು ಬರೆದಳು. ಓದಿದ್ದು ಏಳರಿಂದ ಒಂದಕ್ಕೆ. ಉಲ್ಟಾ ಆಯಿತಲ್ಲ ಎಂದು ಕೇಳಿದೆ. "ರಾಕೆಟ್ ಬಿಡೋವಾಗ ಹೆಂಗೆ ಎಣಿಸ್ತಾರೆ? ಅವರು ಮುಂದುವರಿದ ದೇಶ ಮಾರಾಯ" ಎಂದಳು.

ಕಥೆಯ ಹೆಸರು ನನಗೆ ಹೇಳಲು ಬರುವುದಿಲ್ಲ, ಅಕ್ಕನಿಗೂ ಬರುವುದಿಲ್ಲ. ನಾವು ಅದಕ್ಕೆ ಮೂಲಂಗಿ ಕಥೆ ಎನ್ನುತ್ತೇವೆ. ಜಪಾನಿನ ಒಂದು ಗುಡ್ಡದ ಊರು. ಅಲ್ಲೊಬ್ಬ ವಿಧವೆ ಮೂಲಂಗಿಯ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಅವಳಿಗೊಬ್ಬಳು ಮಗಳು. ಮಗಳು ಸೈಕಲ್ ಮೇಲೆ ಮನೆಮನೆಗೆ ಉಪ್ಪಿನಕಾಯಿ ಮುಟ್ಟಿಸುತ್ತಾಳೆ. ಇಷ್ಟೇ. ಕತ್ತಿ ಕಾಳಗ, ಭೂತ, ಪ್ರೇಮ ಒಂದೂ ಇಲ್ಲ. ಮಾತೂ ಕಡಿಮೆ. ಹತ್ತನೇ ತರಗತಿಯ ಇಂಗ್ಲಿಷ್ ಇಟ್ಟುಕೊಂಡು ಅಕ್ಕ ಸಲೀಸಾಗಿ ದಾಟಿಬಿಟ್ಟಳು.

ಭಾನುವಾರ ನಾನು ಶಿವಮೊಗ್ಗದ ಗೋಪಾಳದ ಮನೆಯಿಂದ ಭದ್ರಾವತಿಗೆ ಹೋದರೆ ಪಾಠ ಗ್ಯಾರಂಟಿ. ಭಾವ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಮೊದಲೇ ಮಾತು ಕಡಿಮೆ, ಮಗಳು ಹೋದ ಮೇಲೆ ಅದೂ ನಿಂತಿತ್ತು. ಅವರು ಪೇಪರ್ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರು. ನನ್ನನ್ನು ಕೂರಿಸಿಕೊಂಡು ಅಕ್ಕ ಶುರು ಮಾಡುತ್ತಿದ್ದಳು.

"ಗಾಳಿ ಬರೆಯೋದು ಹೆಂಗೆ ಹೇಳು. ಬರೆಯಕ್ಕೆ ಬರಲ್ಲ. ಅದ್ಕೆ ಅವ್ನು ನೇತುಹಾಕಿದ ಮೂಲಂಗೀನ ಒಂದು ಚೂರು ವಾರೆ ಮಾಡಿದಾನೆ. ಇಡೀ ಸಾಲಿನಲ್ಲಿ ಒಂದೇ ಒಂದನ್ನ. ಎಲ್ಲಾನೂ ವಾರೆ ಮಾಡಿದ್ರೆ ಬಿರುಗಾಳಿ ಆಗ್ತಿತ್ತು."

ನೆರಳಿನ ಬಗ್ಗೆ ಅವಳದು ಬೇರೆಯೇ ಸಿದ್ಧಾಂತ. ಆ ಪುಸ್ತಕಗಳಲ್ಲಿ ಬೂದು ಬಣ್ಣವೇ ಇಲ್ಲವಂತೆ. ನಮಗೆ ಬೂದಾಗಿ ಕಾಣುವುದೆಲ್ಲ ಸಣ್ಣಸಣ್ಣ ಚುಕ್ಕಿ. ನಾನು ಕನ್ನಡಕ ಒರೆಸಿ ನೋಡಿದೆ, ಹೌದು. ಚುಕ್ಕಿ ಇಟ್ಟು ಎಳೆ ಎಳೆಯದೆ ಬಿಟ್ಟರೆ ಅದೇ ನೆರಳು ಎಂದಳು ಅಕ್ಕ. ನಾನು ಭಾವನ ಕಡೆ ನೋಡಿದೆ. ಭಾವ ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡರು.

ಚಿತ್ರಕಲೆಯ ಮಾತು ನನಗೆ ಒಪ್ಪಿಗೆಯಾಗುತ್ತಿತ್ತು. ಕಥೆಯ ತಿರುಳಿಗೆ ಬಂದರೆ ಮಾತ್ರ ತಲೆ ತಿರುಗುತ್ತಿತ್ತು. ಈ ಜಪಾನಿನ ಊರಿನಲ್ಲಿ ಗಿರಾಕಿಗಳು ಉಪ್ಪಿನಕಾಯಿಯ ಪೊಟ್ಟಣ ಹಿಡಿದುಕೊಂಡೇ ಅಂಗಡಿಗೆ ಬರುತ್ತಾರೆ, ಅದನ್ನು ಅಂಗಡಿಯವಳಿಗೆ ಕೊಟ್ಟು, ದುಡ್ಡು ತೆಗೆದುಕೊಂಡು, ನಮಸ್ಕಾರ ಮಾಡಿ ಹೋಗುತ್ತಾರೆ! ತಾಯಿಮಗಳು ಸೇರಿ ಆ ಉಪ್ಪಿನಕಾಯಿಯನ್ನು ಮರದ ಪೀಪಾಯಿಗೆ ಹಾಕಿ ಮೇಲೆ ಕಲ್ಲು ಹೇರುತ್ತಾರೆ. ಕೆಲವು ಪುಟ ಕಳೆದ ಮೇಲೆ ಕಲ್ಲೆತ್ತಿದರೆ ಒಳಗೆ ಒಣಗಿದ ಮೂಲಂಗಿ. ಅದನ್ನು ಗಾಳಿಗೆ ನೇತುಹಾಕುತ್ತಾರೆ, ಅದು ದಿನದಿನಕ್ಕೆ ದಪ್ಪಗಾಗುತ್ತದೆ. ಕೊನೆಗೆ ಹೊಲಕ್ಕೆ ಒಯ್ದು, ಒಂದೊಂದನ್ನೂ ಮಣ್ಣಿನೊಳಗೆ ಮೆಲ್ಲಗೆ ಇಳಿಸಿ, ಸೊಪ್ಪನ್ನು ಸವರಿ ಬರುತ್ತಾರೆ.

"ಇದೇ ಇದರ ತತ್ವ" ಎಂದಳು ಅಕ್ಕ. "ತಗೊಂಡಿದ್ದೆಲ್ಲ ವಾಪಸ್ ಕೊಡ್ತಾರೆ ಕಣೋ. ನಮ್ಮಲ್ಲಿ ಯಾರು ಕೊಡ್ತಾರೆ?"

ನಾನು ನಂಬಿದೆ. ಯಾಕೆ ನಂಬಿದೆ ಎಂದು ಕೇಳಬೇಡಿ. ಜಪಾನಿನವರು ಶಿಸ್ತಿನ ಜನ, ಏನು ಬೇಕಾದರೂ ಮಾಡಿಯಾರು ಎಂದುಕೊಂಡೆ.

ಹೊಳೆಹೊನ್ನೂರಿನಲ್ಲಿ ನೆಂಟರೊಬ್ಬರ ಹೊಸ ಮನೆಯ ಪ್ರವೇಶ. ಸಾವಾದ ಮನೆಯವರನ್ನು ಕರೆಯಬೇಕೋ ಬೇಡವೋ ಎಂದು ಮೀನಮೇಷ ಎಣಿಸಿ, ಬರಲಾರರು ಎಂಬ ಧೈರ್ಯದ ಮೇಲೆ ಕರೆದಿದ್ದರು. ಅಕ್ಕ ಹೋದಳು. ಊಟಕ್ಕೆ ಕೂತಾಗ ಎಲೆಯ ತುದಿಗೆ ಉಪ್ಪಿನಕಾಯಿ ಬಿತ್ತು. ಅಕ್ಕ ಅದನ್ನು ಬೆರಳಲ್ಲಿ ಒತ್ತಿ ನೋಡಿ, ಬಡಿಸುವವನನ್ನು ನಿಲ್ಲಿಸಿಕೊಂಡು, ಇದರ ಮೇಲೆ ಕಲ್ಲು ಇಟ್ಟಿರಲಿಲ್ಲವಲ್ಲ ಎಂದು ಕೇಳಿದಳು. ಅಲ್ಲಿಂದ ಶುರುವಾಗಿ ಜಪಾನಿನ ಕಲ್ಲು, ಆ ಕಲ್ಲಿನ ಭಾರವನ್ನು ಚಿತ್ರಗಾರ ಎಷ್ಟು ದಪ್ಪ ಗೆರೆಯಲ್ಲಿ ತೋರಿಸಿದ್ದಾನೆ, ಅದನ್ನು ಎತ್ತುವ ತಾಯಿಯ ಕತ್ತಿನ ನರವನ್ನು ಎಷ್ಟು ತೆಳು ಗೆರೆಯಲ್ಲಿ ತೋರಿಸಿದ್ದಾನೆ. ಪಾಯಸ ಬರುವ ತನಕ ಉಪನ್ಯಾಸ. ಸಾಲಿನವರೆಲ್ಲ ತಿನ್ನುವುದನ್ನು ನಿಲ್ಲಿಸಿದ್ದರು. ಎದುರು ಸಾಲಿನಲ್ಲಿದ್ದ ಅದೇ ದೊಡ್ಡಮ್ಮ, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ, "ಮಗಳು ಹೋಗಿ ವರ್ಷ ಆಗಿಲ್ಲ, ಇವಳಿಗೆ ಬೊಂಬೆ ಪುಸ್ತಕ" ಎಂದರು.

ಅಕ್ಕ ಎಲೆ ಮಡಿಸಿದಳು. "ಬೊಂಬೆ ಪುಸ್ತಕ ಅಂತ ನಾನೂ ಬೈತಿದ್ದೆ ದೊಡ್ಡಮ್ಮ. ಅವಳು ಏನು ಓದ್ತಿದ್ಳು ಅಂತ ಒಂದಿನಾನೂ ಕೇಳ್ಲಿಲ್ಲ. ಈಗ ಕೇಳ್ತಿದೀನಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಒಂದು ಮಾತಾಡಿದಳು. ಉಪ್ಪಿನಕಾಯಿಗೆ ಉಪ್ಪು ಕಡಿಮೆಯಾಗಿತ್ತಂತೆ.

ಸತ್ಯ ಹೊರಬಿದ್ದದ್ದು ರೇಷ್ಮಾಳಿಂದ. ಶಿವಮೊಗ್ಗದ ಆಲ್ಕೊಳದ ಹುಡುಗಿ, ಪುಟ್ಟಿಯ ಗೆಳತಿ. ಅವಳ ತಂದೆಗೆ ಅಲ್ಲಿ ಬೈಕ್ ರಿಪೇರಿಯ ಗ್ಯಾರೇಜಿದೆ. ಅವಳು ಅಕ್ಕನನ್ನು ನೋಡಲು ಬಂದಿದ್ದಳು, ಮೂಲಂಗಿ ಕಥೆಯ ಉಪನ್ಯಾಸವನ್ನು ಪೂರ್ತಿ ಕೇಳಿದಳು. ನಾನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ದಾರಿಯಲ್ಲಿ ನಿಂತಳು.

"ಅಂಕಲ್, ಆಂಟಿ ಪೂರಾ ಉಲ್ಟಾ ಓದಿದಾರೆ."

ಜಪಾನಿನ ಪುಸ್ತಕಗಳನ್ನು ಬಲಗಡೆಯಿಂದ ತೆರೆಯಬೇಕಂತೆ. ನಮ್ಮ ಕೊನೆಯ ಪುಟವೇ ಅವರ ಮೊದಲನೆಯದು. ಪುಟದೊಳಗಿನ ಚಿತ್ರದ ಚೌಕಗಳನ್ನೂ ಬಲದಿಂದ ಎಡಕ್ಕೆ ನೋಡುತ್ತ ಹೋಗಬೇಕು. ಇಂಗ್ಲಿಷಿಗೆ ಬಂದರೂ ಹಾಗೆಯೇ ಇಟ್ಟಿರುತ್ತಾರೆ. ಮನೆಯಲ್ಲಿ ಉರ್ದು ಕಲಿಸಿದ್ದರಿಂದ ರೇಷ್ಮಾಳಿಗೆ ಅದು ಸುಲಭವಾಗಿತ್ತು, ಪುಟ್ಟಿಗೆ ಅಭ್ಯಾಸ ಮಾಡಿಸಿದವಳೂ ಅವಳೇ. ಎಡಗಡೆಯಿಂದ ತೆರೆದವರಿಗೆ, ನಿಲ್ಲಿ, ನೀವು ತಪ್ಪು ಕಡೆಯಿಂದ ಬಂದಿದ್ದೀರಿ ಎಂದು ಒಂದು ಪುಟ ತುಂಬ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರಂತೆ. ಅಕ್ಕನ ಪುಸ್ತಕಗಳಲ್ಲಿ ಆ ಪುಟ ಬೈಂಡಿನ ಖಾಕಿ ಕಾಗದದ ಕೆಳಗೆ ಅಂಟಿಹೋಗಿತ್ತು, ಆಮೇಲೆ ತೆಗೆದು ನೋಡಿದೆ. ಬೈಂಡು ಹಾಕುವಾಗ ಆದ ಅಚಾತುರ್ಯ ಎಂದುಕೊಂಡೆ.

ಹಾಗಾದರೆ ಆ ಬಿಳಿ ಪುಟ? ನಾನು ಕೇಳಿದೆ. ರೇಷ್ಮಾ ನೆಲ ನೋಡುತ್ತ ಹೇಳಿದಳು. ಏಳನೇ ಭಾಗದ ಕೊನೆಯಲ್ಲಿ ಹುಡುಗಿ ಹಿಮ ಬೀಳುವಾಗ ಉಪ್ಪಿನಕಾಯಿ ಕೊಡಲು ಸೈಕಲ್ ಹತ್ತಿ ಹೋಗುತ್ತಾಳೆ. ಬಾಗಿಲಲ್ಲಿ ತಾಯಿ. ಹಿಮದ ಮೇಲೆ ಸೈಕಲ್ಲಿನ ಗೆರೆ. ಆಮೇಲೆ ಗೆರೆಯ ಮೇಲೆ ಹಿಮ. ಆಮೇಲೆ ಬರೀ ಬಿಳಿ. ಅವಳು ತಿರುಗಿ ಬರುವುದಿಲ್ಲ. ಕಥೆ ಅಲ್ಲಿಗೆ ಮುಗಿಯಿತು.

ನಾನು ದಾರಿಯಲ್ಲೇ ಕಲ್ಲಿನ ಮೇಲೆ ಕೂತೆ. ಹೇಳಬೇಕೋ ಬೇಡವೋ? ಹೇಳುವುದೆಂದರೆ ಏನು? ಒಂದು ಸಲ ಪುಸ್ತಕ ಕೈಗೆ ಕೊಟ್ಟು, ಮಗಳು ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದವನು ನಾನು. ಇನ್ನೊಂದು ಸಲ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಭಾವನನ್ನು ಹೊರಗೆ ಕರೆದು ವಿಷಯ ತಿಳಿಸಿದೆ. ಅವರು, "ಅವಳು ಈಗೀಗ ಅನ್ನ ತಿಂತಾ ಇದಾಳೆ ಕಣಪ್ಪ" ಎಂದು ಒಳಗೆ ಹೋದರು. ಆ ವರ್ಷ ಭಾವ ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಪುಟ್ಟಿಯ ಗೆಳೆಯರದ್ದೊಂದು ಗುಂಪಿದೆ. ಶಿವಮೊಗ್ಗದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ಈ ಚಿತ್ರಕಥೆಗಳ ಬಗ್ಗೆ ಮಾತಾಡುವವರು. ಪುಟ್ಟಿಯ ವರ್ಷದ ದಿನ ಹತ್ತಿರ ಬಂತೆಂದು, ಅವಳ ನೆನಪಿಗೆ ಮೂಲಂಗಿ ಕಥೆಯ ಬಗ್ಗೆ ಒಂದು ಚರ್ಚೆ ಇಟ್ಟುಕೊಂಡು, ಅಕ್ಕನೇ ಮಾತಾಡಬೇಕೆಂದು ಕರೆದರು. ರೇಷ್ಮಾ ತಡೆಯಲು ನೋಡಿದಳಂತೆ, ಆಗಲಿಲ್ಲ. ಅಕ್ಕನಿಗೆ ಸಂಭ್ರಮವೋ ಸಂಭ್ರಮ. ಗಂಜಿ ಹಾಕಿದ ಸೀರೆ, ಏಳು ಪುಸ್ತಕ, ಒಂದು ಭರಣಿ ಮಾವಿನ ಮಿಡಿ, ಅದರ ಮೇಲೆ ಇಡಲು ಭದ್ರಾ ಹೊಳೆಯಿಂದ ಆರಿಸಿ ತಂದ ಒಂದು ಗುಂಡುಕಲ್ಲು! ಕಲ್ಲನ್ನು ಶಿವಮೊಗ್ಗದ ತನಕ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದವನು ನಾನು. ಲಾರಿ ಬಡಿದ ಆ ಜಾಗವನ್ನು ಬಸ್ಸು ದಾಟುವಾಗ ಅಕ್ಕ ಯಾವಾಗಲೂ ಮಾಡುವಂತೆ ಇನ್ನೊಂದು ಕಡೆಯ ಕಿಟಕಿ ನೋಡಿದಳು. ನಾನು ಕಲ್ಲನ್ನು ನೋಡಿದೆ.

ಹುಡುಗ ಹುಡುಗಿಯರು ನೆಲದ ಮೇಲೆ ಕೂತಿದ್ದರು. ಭಾವ ಬಾಗಿಲ ಬಳಿ ನಿಂತರು. ಅಕ್ಕ ಗಾಳಿಯನ್ನು ಹೇಳಿದಳು, ಚುಕ್ಕಿಯನ್ನು ಹೇಳಿದಳು, ಕಲ್ಲಿನ ಭಾರವನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿದಳು. ಹುಡುಗರು ನಕ್ಕರು, ಒಳ್ಳೆಯ ನಗು. ಆಮೇಲೆ ಏಳನೇ ಭಾಗ ತೆಗೆದು, ಎಡಗಡೆಯಿಂದ ತೆರೆದಳು. ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿದರು.

"ಮೊದ್ಲು ಬರೀ ಬಿಳಿ. ಆಮೇಲೆ ಒಂದು ಗೆರೆ ಕಾಣುತ್ತೆ. ಸೈಕಲ್ ಗೆರೆ. ಆ ಗೆರೆ ಹಿಡ್ಕೊಂಡು ಹೋದ್ರೆ ಒಂದು ಬಾಗ್ಲು. ಬಾಗ್ಲಲ್ಲಿ ಅಮ್ಮ ನಿಂತಿದಾಳೆ. ಮಗಳು ಸೈಕಲ್ ಇಳೀತಾಳೆ."

ಮುಂದೆ ಕೂತಿದ್ದ ಕನ್ನಡಕದ ಹುಡುಗನೊಬ್ಬ ಕೈ ಎತ್ತಿದ. ಪಕ್ಕದಲ್ಲಿದ್ದ ರೇಷ್ಮಾ ಅವನ ತೋಳು ಹಿಡಿದು ಕೆಳಗೆ ಎಳೆದಳು. ಅವನು ಬಿಡಲಿಲ್ಲ. ಕೆಟ್ಟವನೇನಲ್ಲ, ಸರಿಯಾದದ್ದನ್ನು ಹೇಳದಿದ್ದರೆ ನಿದ್ದೆ ಬಾರದ ಜಾತಿ. ನನ್ನದೂ ಅದೇ ಜಾತಿ.

"ಆಂಟಿ, ಸಾರಿ. ಇದು ಆ ಕಡೆಯಿಂದ ಓದೋದು. ನೀವು ಓದಿದ್ದು ಉಲ್ಟಾ."

ನಾನು ಎದ್ದು ನಿಂತುಬಿಟ್ಟಿದ್ದೆ. ಏನು ಮಾಡಲು ಎದ್ದೆನೋ ಗೊತ್ತಿಲ್ಲ. ಅಕ್ಕ ನನ್ನ ಕಡೆ ನೋಡಿ, ಕೂತ್ಕೋ ಎಂದು ಕಣ್ಣಲ್ಲೇ ಹೇಳಿದಳು.

"ಗೊತ್ತಪ್ಪ" ಎಂದಳು ಆ ಹುಡುಗನಿಗೆ. "ಮೊದಲ್ನೇ ಪುಟದಲ್ಲೇ ಅಷ್ಟು ದೊಡ್ಡದಾಗಿ ಬರ್ದಿದಾರಲ್ಲ, ಓದಕ್ಕೆ ಬರಲ್ವಾ ನಂಗೆ? ಅದರ ಮೇಲೆ ಕಾಗದ ಅಂಟಿಸಿದ್ದು ನಾನೇ."

ರೇಷ್ಮಾ ಹುಡುಗನ ತೋಳು ಬಿಟ್ಟಳು.

"ನೀವು ಹೇಳೋ ಕಡೆಯಿಂದ ಓದಿದ್ರೆ ಕೊನೆಗೆ ಏನಾಗುತ್ತೆ ಅಂತ ನಂಗೆ ಗೊತ್ತು. ಅದನ್ನ ನಾನು ಓದಿ ಆಗಿದೆ."

ಅವಳು ಒಂದನೇ ಭಾಗ ಎತ್ತಿಕೊಂಡು, ಬೈಂಡನ್ನು ಅಂಗೈಯಿಂದ ಸವರಿದಳು. ಈ ಕಡೆಯಿಂದ ಬಂದರೆ ಹುಡುಗಿ ಚಿಕ್ಕವಳಾಗುತ್ತ ಹೋಗುತ್ತಾಳೆ ಎಂದು ವಿವರಿಸಿದಳು. ಸೈಕಲ್ಲಿನಿಂದ ಇಳಿಯುತ್ತಾಳೆ, ಅಂಬೆಗಾಲಿಡುತ್ತಾಳೆ, ಅಮ್ಮನ ಬೆನ್ನಿಗೆ ಬರುತ್ತಾಳೆ. ಕೊನೆಯ ಪುಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅಂಗಡಿಯ ಜಗಲಿಯ ಮೇಲೆ ತುಂಬು ಬಸುರಿ ಒಬ್ಬಳೇ ಕೂತು ಮೂಲಂಗಿ ಬೀಜ ಆರಿಸುತ್ತಿದ್ದಾಳೆ. ಎದುರಿನ ದಾರಿ ಖಾಲಿ.

"ಇಲ್ಲಿಗೆ ಮುಗಿಯುತ್ತೆ. ಮಗಳು ಇನ್ನೂ ಬರೋದಿದೆ" ಎಂದಳು ಅಕ್ಕ.

ಮಿಡಿ ಉಪ್ಪಿನಕಾಯಿಯ ಭರಣಿ ಅಲ್ಲೇ ಖಾಲಿಯಾಯಿತು. ಅನ್ನವಿಲ್ಲದೆ ಉಪ್ಪಿನಕಾಯಿ ತಿನ್ನುವವರನ್ನು ನಾನು ಮೊದಲ ಸಲ ನೋಡಿದ್ದು. ಕನ್ನಡಕದ ಹುಡುಗ ಮೂರು ಸಲ ಕೈಯೊಡ್ಡಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಅವನೇ ಹೇಳಿಕೊಂಡ.

ಆ ರಾತ್ರಿ ನಾನೂ ಅವರ ಜೊತೆ ಭದ್ರಾವತಿಗೆ ಹೋಗಿ ಅಲ್ಲೇ ಉಳಿದೆ. ಬೆಳಿಗ್ಗೆ ಪೊರಕೆಯ ಸದ್ದಿಗೆ ಎಚ್ಚರವಾಯಿತು. ಬಾಗಿಲಿಗೆ ಬಂದು ನೋಡಿದರೆ ಅಕ್ಕ ಗುಡಿಸಿ ನೀರು ಹಾಕಿದ್ದಳು. ಎಂದಿನಂತೆ ಒಳಗೆ ಬರುವ ಬದಲು ಬಗ್ಗಿ ಚುಕ್ಕಿ ಇಡುತ್ತಿದ್ದಳು. ಸಾಲು ಮುಗಿಸಿ ಸೊಂಟ ಹಿಡಿದುಕೊಂಡು ನಿಂತಳು. ಎಳೆ ಎಳೆಯಲಿಲ್ಲ. ಒದ್ದೆ ನೆಲದ ಮೇಲೆ ಬರೀ ಚುಕ್ಕಿ. ಅವಳ ಲೆಕ್ಕದಲ್ಲಿ ಅದು ನೆರಳು.

ಭಾವ ಪೇಪರ್ ಮಡಿಸಿಟ್ಟು ಹೊರಗೆ ಬಂದರು. ಪಂಚೆ ಎತ್ತಿ ಕಟ್ಟಿ, ಮಂಡಿ ನೋವಿಗೆ ಮುಖ ಕಿವುಚಿ, ಕುಕ್ಕರುಗಾಲಿನಲ್ಲಿ ಕೂತು, ಬಟ್ಟಲಿನಿಂದ ರಂಗೋಲಿ ಪುಡಿ ಎತ್ತಿಕೊಂಡರು. ಲೇತ್ ಹಿಡಿದ ಕೈ. ಪುಡಿ ಬೆರಳ ಸಂದಿಯಿಂದ ಸುರಿದುಹೋಗುತ್ತಿತ್ತು.

"ಯಾವ ಕಡೆಯಿಂದ ಎಳೀಬೇಕೇ?" ಎಂದರು.

ಅಕ್ಕ ಅವರ ಪಕ್ಕದಲ್ಲಿ ಕೂತು, ಅವರ ಮಣಿಕಟ್ಟು ಹಿಡಿದುಕೊಂಡಳು.

"ಯಾವ ಕಡೆಯಿಂದಾದ್ರೂ ಎಳೀರಿ" ಎಂದಳು. "ಮಧ್ಯ ಕೈ ಎತ್ಬೇಡಿ, ಅಷ್ಟೇ."